ಹಸಿರಿನ ಕೆಳಗಿನ ಊರುಗಳು

ಐರ್ಲೆಂಡಿಗೆ ಹೋಗಿ ಬಂದವರ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಸಿರು ಗುಡ್ಡ, ಕಲ್ಲಿನ ಗೋಡೆ, ನಾಲ್ಕು ಕುರಿ, ಮೇಲೆ ದಟ್ಟ ಮೋಡ. ಕೆಳಗೆ ಯಾರೋ ಒಬ್ಬರು "ಎಷ್ಟು ಪ್ರಶಾಂತವಾಗಿದೆ ಅಲ್ವಾ" ಅಂತ ಬರೆದಿರುತ್ತಾರೆ. ನಿಜ, ಪ್ರಶಾಂತವಾಗಿದೆ. ಯಾಕೆಂದರೆ ಅಲ್ಲಿ ಜನ ಇಲ್ಲ.

ಒಂದು ಕಾಲದಲ್ಲಿ ಇದ್ದರು. 1841ರ ಜನಗಣತಿಯಲ್ಲಿ ಆ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು. ಇವತ್ತು ಐರ್ಲೆಂಡ್ ಗಣರಾಜ್ಯವನ್ನೂ ಬ್ರಿಟನ್ನಿನ ಕೈಯಲ್ಲಿರುವ ಉತ್ತರ ಐರ್ಲೆಂಡನ್ನೂ ಸೇರಿಸಿದರೆ ಸುಮಾರು 70 ಲಕ್ಷ. ಈ ನಡುವೆ ಪ್ರಪಂಚದ ಜನಸಂಖ್ಯೆ ಎಷ್ಟು ಪಟ್ಟು ಬೆಳೆದಿದೆ ಯೋಚನೆ ಮಾಡಿ. ಈ ಒಂದು ದ್ವೀಪ ಮಾತ್ರ ತನ್ನ ಹಳೆಯ ಲೆಕ್ಕವನ್ನು ಇನ್ನೂ ಮುಟ್ಟಿಲ್ಲ. ಪ್ರವಾಸಿಗಳು ಮೆಚ್ಚಿಕೊಳ್ಳುವ ಆ ಖಾಲಿ ಹಸಿರು, ಕಾಡು ಗುಡ್ಡವಲ್ಲ. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮಕ್ಕೆ ಮೊದಲು ಊರುಗಳಿದ್ದ ಜಾಗ.

ತಂಗಿ ಡಬ್ಲಿನ್‌ನಲ್ಲಿ ಇದ್ದಾಳೆ. ಅವಳ ಕಾರು ನಮಗೆ ಸಿಕ್ಕಿತು, ಅವಳೂ ಜೊತೆಗೆ ಬಂದಳು. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದರಿಂದ ಆ ತಲೆಬಿಸಿ ಇಲ್ಲ. ಕಷ್ಟ ಇರುವುದು ಹಳ್ಳಿ ರಸ್ತೆಗಳಲ್ಲಿ. ಎದುರು ಬದುರಾಗಿ ಎರಡು ಕಾರು ಬಂದರೆ ಒಂದು ಹಿಂದಕ್ಕೆ ಹೋಗಲೇಬೇಕು, ಅಷ್ಟು ಕಿರಿದು. ಎಷ್ಟೋ ರಸ್ತೆಗಳ ನಟ್ಟ ನಡುವೆ ಹುಲ್ಲು ಬೆಳೆದಿರುತ್ತದೆ. ಎರಡೂ ಪಕ್ಕ ಆಳೆತ್ತರದ ಬೇಲಿ, ತಿರುವಿನಾಚೆ ಏನಿದೆ ಕಾಣುವುದಿಲ್ಲ. "ಅಕ್ಕಾ, ಬೇಲಿಗೆ ಒತ್ತಬೇಡ, ಒಳಗೆ ಕಲ್ಲಿನ ಗೋಡೆ ಇರುತ್ತೆ" ಅಂತ ಅವಳು ಹೇಳುತ್ತಲೇ ಇದ್ದಳು. ಇಂಥ ರಸ್ತೆಗಳಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಅವಕಾಶ ಇತ್ತಂತೆ! 2025ರ ಫೆಬ್ರವರಿಯಲ್ಲಿ ಅದನ್ನು 60ಕ್ಕೆ ಇಳಿಸಿದರು. ನನಗೆ 40 ದಾಟಲು ಧೈರ್ಯ ಬರಲಿಲ್ಲ. ಎದುರಿಗೆ ಬರುವ ಟ್ರ್ಯಾಕ್ಟರಿನವರು ಸ್ಟೀರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ಪರಿಚಯ ಇರಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಮಗೂ ಅದು ಅಭ್ಯಾಸವಾಯಿತು.

ಮೊದಲು ನಿಂತಿದ್ದು ಟ್ರಿಮ್ ಎಂಬ ಪುಟ್ಟ ಪಟ್ಟಣದಲ್ಲಿ. ಡಬ್ಲಿನ್‌ಗೆ ಹತ್ತಿರ, ಮೀತ್ ಕೌಂಟಿಯಲ್ಲಿದೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಬಾಯ್ನ್ ನದಿಯ ದಂಡೆಯ ಮೇಲೆ ದೊಡ್ಡ ಕೋಟೆ. 1172ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ, ಹ್ಯೂ ಡಿ ಲೇಸಿ ಎಂಬ ನಾರ್ಮನ್ ಸರದಾರನಿಗೆ ಇಡೀ ಮೀತ್ ಸೀಮೆಯನ್ನೇ ಬರೆದುಕೊಟ್ಟ. ಅವನು ಶುರು ಮಾಡಿದ ಕೋಟೆ ಇದು. ಐರ್ಲೆಂಡಿನಲ್ಲಿ ನಾರ್ಮನ್ನರು ಕಟ್ಟಿದ ಕೋಟೆಗಳಲ್ಲೆಲ್ಲ ದೊಡ್ಡದು. ನಡುವಿನ ಗೋಪುರಕ್ಕೆ ಇಪ್ಪತ್ತು ಮುಖಗಳಿವೆ. ಕೋಟೆ ಚೆನ್ನಾಗಿದೆ, ಆದರೆ ನನ್ನ ಕಾಲು ಹಿಡಿದು ನಿಲ್ಲಿಸಿದ್ದು ಊರೊಳಗಿನ ಒಂದು ಕಂಬ. ಎತ್ತರದ ಕಲ್ಲಿನ ಕಂಬ, ತುದಿಯಲ್ಲಿ ಒಬ್ಬ ಮನುಷ್ಯನ ಪ್ರತಿಮೆ. 1817ರಲ್ಲಿ ನಿಲ್ಲಿಸಿದ್ದು. ಯಾರು ಅಂತ ನೋಡಿದರೆ ಆರ್ಥರ್ ವೆಲ್ಲೆಸ್ಲಿ.

ಶ್ರೀರಂಗಪಟ್ಟಣ ನೋಡಿದವರಿಗೆ ಈ ಹೆಸರು ಹೊಸದಲ್ಲ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದ ಮೇಲೆ ಅಲ್ಲಿನ ಆಡಳಿತ ಸಿಕ್ಕಿದ್ದು ಇವನಿಗೆ. ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ, ನೆಪೋಲಿಯನ್ನನನ್ನು ಸೋಲಿಸಿದ. ಇವನು ಹುಟ್ಟಿದ್ದು ಡಬ್ಲಿನ್‌ನಲ್ಲಿ, ಮನೆತನದ ಬಂಗಲೆ ಇದ್ದದ್ದು ಟ್ರಿಮ್ ಹತ್ತಿರದ ಡಾಂಗನ್‌ನಲ್ಲಿ. 1790ರಲ್ಲಿ ಟ್ರಿಮ್ ಕ್ಷೇತ್ರದಿಂದಲೇ ಐರಿಷ್ ಪಾರ್ಲಿಮೆಂಟಿಗೆ ಹೋಗಿದ್ದ. ಆ ಬಂಗಲೆ ಈಗ ಸುಟ್ಟು ಪಾಳುಬಿದ್ದ ಬರೀ ಗೋಡೆ.

ಇವನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಆಗ ಭಾರತದ ಗವರ್ನರ್ ಜನರಲ್. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆಗೆ ಹೆಸರಿಟ್ಟಿದ್ದು ಅವನದ್ದೇ. ಮೈಸೂರು ಗೆದ್ದಿದ್ದಕ್ಕೆ ಇಂಗ್ಲಿಷ್ ಪದವಿ ಸಿಗುತ್ತದೆ ಅಂತ ರಿಚರ್ಡ್ ಕಾದಿದ್ದ. ಸಿಕ್ಕಿದ್ದು ಐರಿಷ್ ಪದವಿ, ಅಂದರೆ ಅವರ ಲೆಕ್ಕದಲ್ಲಿ ಎರಡನೇ ದರ್ಜೆಯದ್ದು. ಅದಕ್ಕೆ ಅವನು ಸಿಟ್ಟಾಗಿ, ನನಗೆ ಚಿನ್ನದ ನೀರು ಹಾಕಿದ ಆಲೂಗಡ್ಡೆ ಕೊಟ್ಟಿದ್ದಾರೆ ಅಂತ ಗೊಣಗಿದನಂತೆ. ಐರ್ಲೆಂಡಿನ ಆಳುವ ವರ್ಗ ತನ್ನ ದೇಶದ ಬಡವರ ಊಟವನ್ನು ಯಾವ ಕಣ್ಣಿನಿಂದ ನೋಡುತ್ತಿತ್ತು ಅನ್ನುವುದಕ್ಕೆ ಈ ಒಂದು ಮಾತು ಸಾಕು.

ಕಾರ್ನ್‌ವಾಲಿಸ್ ಕಥೆಯೂ ಹೀಗೇ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದ ಅದೇ ಕಾರ್ನ್‌ವಾಲಿಸನನ್ನು 1798ರಲ್ಲಿ ಐರ್ಲೆಂಡಿಗೆ ಕಳಿಸಿದರು, ಅಲ್ಲಿನ ದಂಗೆ ಅಡಗಿಸಲು. ಶಾಲೆಯಲ್ಲಿ ನಮಗೆ ಇವರೆಲ್ಲ ಇಂಗ್ಲಿಷರು ಅಂತಲೇ ಪಾಠ. ಈ ಮೀತ್ ಸೀಮೆಯ ದಪ್ಪ ಹುಲ್ಲಿನ ನಡುವೆ ನಿಂತಾಗ, ಒಂದೇ ಗುಂಪು ಎರಡೂ ಕಡೆ ಕೆಲಸ ಮಾಡುತ್ತಿತ್ತು ಅನ್ನುವುದು ಕಣ್ಣಿಗೆ ಕಟ್ಟಿತು.

ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಹೆಚ್ಚಿನವರು ಹೆದ್ದಾರಿ ಹಿಡಿದು ನೇರ ಗಾಲ್‌ವೇಗೆ ಹೋಗಿಬಿಡುತ್ತಾರೆ. ನಾವು ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್‌ಗೆ ತಿರುಗಿದೆವು. ನೋಡಲು ಏನೂ ಇಲ್ಲದ ಊರು ಅಂತ ಅನ್ನಿಸಬಹುದು. ಊರಿಗೆ ತಕ್ಕದ್ದಲ್ಲದ ಭಾರೀ ಅಗಲದ ಒಂದು ಬೀದಿ, ಬೀದಿಯ ತುದಿಯಲ್ಲಿ ಕಮಾನು ಬಾಗಿಲು, ಒಳಗೆ ಜಮೀನ್ದಾರರ ಬಂಗಲೆ. ಆದರೆ ಐರ್ಲೆಂಡಿನಲ್ಲಿ ಒಂದೇ ಊರು ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಬಂಗಲೆಯ ಅಡುಗೆಮನೆಯಿಂದ ಶುರು ಮಾಡಿ. ಮೇಲೆ ಸುತ್ತಲೂ ಒಂದು ಜಗುಲಿಯಂಥ ಮಹಡಿ ಇದೆ. ಮನೆಯೊಡತಿ ಅಲ್ಲಿ ನಿಂತು ಕೆಳಗಿನ ಆಳುಗಳ ಮೇಲೆ ಕಣ್ಣಿಡಬಹುದಿತ್ತು. ವಾರದ ಅಡುಗೆ ಪಟ್ಟಿಯನ್ನು ಮೇಲಿಂದಲೇ ಕೆಳಗೆ ಬೀಳಿಸುತ್ತಿದ್ದಳಂತೆ. ಆಳುಗಳು ಅಂಗಳದಲ್ಲಿ ಓಡಾಡುವುದು ದೊಡ್ಡವರ ಕಣ್ಣಿಗೆ ಬೀಳಬಾರದು ಅಂತ ನೆಲದಡಿಯಲ್ಲಿ ಸುರಂಗ ಕೂಡ ತೋಡಿಸಿದ್ದರು. ಇದನ್ನೆಲ್ಲ ನೋಡಿ ಪಕ್ಕದ ಕಟ್ಟಡಕ್ಕೆ ಹೋದರೆ ಅದು ರಾಷ್ಟ್ರೀಯ ಕ್ಷಾಮ ಸಂಗ್ರಹಾಲಯ.

1979ರಲ್ಲಿ ಊರಿನ ಗ್ಯಾರೇಜ್ ಮಾಲೀಕರೊಬ್ಬರು ಈ ಎಸ್ಟೇಟನ್ನು ಕೊಂಡರು. ಅವರಿಗೆ ಬೇಕಿದ್ದದ್ದು ಲಾರಿ ನಿಲ್ಲಿಸಲು ಜಾಗ. ಒಳಗೆ ಕಾಗದಪತ್ರದ ರಾಶಿ ಸಿಕ್ಕಿತು. ಗೇಣಿ ಲೆಕ್ಕ, ಒಕ್ಕಲೆಬ್ಬಿಸಿದವರ ಪಟ್ಟಿ, ಗೇಣಿದಾರರ ಅರ್ಜಿಗಳು. 1846ರ ಒಂದು ಅರ್ಜಿಯಲ್ಲಿ ಗೇಣಿದಾರರು, ನಮ್ಮ ಸಂಸಾರಗಳು ನಮ್ಮ ಕಣ್ಣೆದುರೇ ನರಳುತ್ತಿವೆ, ಅನ್ನಕ್ಕಾಗಿ ಅವರು ಅಳುವುದನ್ನು ಇನ್ನು ತಡೆದುಕೊಳ್ಳಲು ಆಗುವುದಿಲ್ಲ ಅಂತ ಬರೆದಿದ್ದಾರೆ. ಆ ಮನುಷ್ಯ ಕಾಗದಗಳನ್ನು ತೂಕಕ್ಕೆ ಹಾಕಲಿಲ್ಲ. ಸಂಗ್ರಹಾಲಯ ಮಾಡಿದರು.

ಇಲ್ಲಿ ನನ್ನ ಊರಿನ ವಿಷಯ ಹೇಳಲೇಬೇಕು. ನಾವು ಹಾಸನದ ಕಡೆಯವರು. ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಅಂಗಮಾರಿ ಎಂಬ ಹೆಸರು ಮಕ್ಕಳಿಗೂ ಗೊತ್ತು. ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದು ಕೂತರೆ ದೊಡ್ಡವರ ಮುಖ ಸಪ್ಪಗಾಗುತ್ತಿತ್ತು. ಎಲೆಯ ಅಂಚಲ್ಲಿ ನೀರು ನೆನೆದಂಥ ಕಲೆ, ಆಮೇಲೆ ಕಪ್ಪು, ಕೆಲವೇ ದಿನಕ್ಕೆ ಇಡೀ ಹೊಲ ಸುಟ್ಟ ಹಾಗೆ. ವಾಸನೆ ಬೇರೆ. 1845ರಲ್ಲಿ ಐರ್ಲೆಂಡಿಗೆ ಬಂದಿದ್ದು ಇದೇ ರೋಗ. ವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ಫೈಟಾಫ್ತೊರಾ ಇನ್‌ಫೆಸ್ಟನ್ಸ್. ನಮ್ಮ ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗ ಇದರ ದಾಯಾದಿ. ಅಡಿಕೆಗೆ ನಾವು ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬಳಕೆಗೆ ಬಂದಿದ್ದು 1885ರಲ್ಲಿ. ಐರ್ಲೆಂಡಿನವರ ಪಾಲಿಗೆ ನಲವತ್ತು ವರ್ಷ ತಡ.

ಹಾಸನದಲ್ಲಿ ಅಂಗಮಾರಿ ಬಂದರೆ ಸಾಲವಾಗುತ್ತದೆ, ಮನೆಯಲ್ಲಿ ಜಗಳವಾಗುತ್ತದೆ. ಆದರೆ ಅಡುಗೆಮನೆಯಲ್ಲಿ ರಾಗಿ ಇರುತ್ತದೆ. ಅಲ್ಲಿ ಬಡವರಿಗೆ ಆಲೂಗಡ್ಡೆ ಬಿಟ್ಟು ಬೇರೆ ಊಟವೇ ಇರಲಿಲ್ಲ. ದುಡಿಯುವ ಗಂಡಸು ದಿನಕ್ಕೆ ಐದಾರು ಕೆಜಿ ತಿನ್ನುತ್ತಿದ್ದ, ಜೊತೆಗೆ ಮಜ್ಜಿಗೆ. ಅದೂ ಬಹುಪಾಲು ಒಂದೇ ತಳಿ. ಓಟ್ಸ್, ಬೆಣ್ಣೆ, ದನ ಎಲ್ಲವೂ ಆ ದೇಶದಲ್ಲಿತ್ತು. ಅದು ಗೇಣಿಗೆ ಹೋಗುವ ಮಾಲು. ಕ್ಷಾಮದ ವರ್ಷಗಳಲ್ಲೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಹಾಗಾಗಿ ಬೆಳೆ ಹಾಳುಮಾಡಿದ್ದು ರೋಗ ಅಂತ ಹೇಳಬಹುದು, ಜನರನ್ನು ಕೊಂದಿದ್ದು ರೋಗ ಅಂತ ಹೇಳಲು ನನಗಾಗುವುದಿಲ್ಲ.

1847ರಲ್ಲಿ ಒಂದು ಕಾನೂನು ಬಂತು. ಕಾಲು ಎಕರೆಗಿಂತ, ಅಂದರೆ ಹತ್ತು ಗುಂಟೆಗಿಂತ ಜಾಸ್ತಿ ಭೂಮಿ ಹಿಡಿದವನಿಗೆ ಸರ್ಕಾರಿ ಪರಿಹಾರ ಇಲ್ಲ. ಗಂಜಿ ಬೇಕಾದರೆ ಭೂಮಿ ಬಿಡು. ಬಿಟ್ಟರೆ ಮನೆಯೂ ಹೋಯಿತು. ಒಕ್ಕಲೆಬ್ಬಿಸಿದ ಮನೆಗೆ ಜನ ವಾಪಸ್ ಬರಬಾರದು ಅಂತ ಹಾರೆ ಹಾಕಿ ಮಾಡು ಕೆಡವುತ್ತಿದ್ದರು. ಪರಿಹಾರದ ಹಣಕ್ಕೆ ಲಂಡನ್ನಿನಲ್ಲಿ ಕೀಲಿ ಹಿಡಿದು ಕೂತಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯಾನ್. ಕೆಲಸ ಶುರು ಮಾಡಿದ್ದು ಭಾರತದಲ್ಲಿ, ಕಂಪನಿಯ ನೌಕರಿಯಲ್ಲಿ. ಇಷ್ಟೆಲ್ಲ ಆದಮೇಲೆ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಮತ್ತೆ ನಮ್ಮ ಕಡೆಗೇ ಬಂದ.

ಸ್ಟ್ರೋಕ್ಸ್‌ಟೌನ್‌ನ ಜಮೀನ್ದಾರ ಡೆನಿಸ್ ಮಹೋನ್ 1847ರಲ್ಲಿ ಲೆಕ್ಕ ಹಾಕಿದ. ಗೇಣಿದಾರರನ್ನು ಇಲ್ಲಿ ಸಾಕುವುದಕ್ಕಿಂತ ಹಡಗಿನ ಟಿಕೆಟ್ ಕೊಟ್ಟು ಕೆನಡಾಗೆ ಕಳಿಸುವುದು ಅಗ್ಗ. 1,490 ಜನರನ್ನು ಕಾಲುವೆಯ ದಡದ ಮೇಲೆ ಡಬ್ಲಿನ್‌ವರೆಗೆ ನಡೆಸಿದರು. ಹಡಗಿನಲ್ಲಿ ಟೈಫಸ್ ಜ್ವರ. ಹೆಚ್ಚುಕಡಿಮೆ ಅರ್ಧ ಜನ ಉಳಿಯಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಮಹೋನ್‌ನನ್ನು ಯಾರೋ ಗುಂಡಿಟ್ಟು ಕೊಂದರು. ಆ ಜನ ನಡೆದ ದಾರಿ ಈಗ 165 ಕಿಲೋಮೀಟರಿನ ಕಾಲುದಾರಿ. ಅಲ್ಲಲ್ಲಿ ಮಕ್ಕಳ ಶೂಗಳನ್ನು ಕಂಚಿನಲ್ಲಿ ಎರಕ ಹೊಯ್ದು ಇಟ್ಟಿದ್ದಾರೆ. ನಾವು ಸ್ವಲ್ಪ ದೂರ ನಡೆದೆವು. ಮಳೆ ಬಂತು, ವಾಪಸ್ ಬಂದೆವು.

ರಾಸ್‌ಕಾಮನ್ ಕೌಂಟಿಯಲ್ಲಿ 1841ರಲ್ಲಿ ಎರಡೂವರೆ ಲಕ್ಷ ಜನ ಇದ್ದರು. 2022ರಲ್ಲಿ ಸುಮಾರು 70 ಸಾವಿರ. ಅಷ್ಟು ತಿಳಿದ ಮೇಲೆ ಕಾರಿನ ಕಿಟಕಿಯಾಚೆಯ ಹಸಿರು ಬೇರೆ ಥರ ಕಾಣಲು ಶುರುವಾಗುತ್ತದೆ. ಪಶ್ಚಿಮದ ಗುಡ್ಡಗಳಲ್ಲಿ ಇಳಿಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು. ಹುಲ್ಲಿನ ಕೆಳಗೆ ಉದ್ದುದ್ದ ಗೆರೆಗಳು ಏಳುತ್ತವೆ. ಅವು ಆಲೂಗಡ್ಡೆ ಹಾಕುತ್ತಿದ್ದ ಏರುಮಡಿಗಳು. ಯಾರೂ ಉಳದ ಕಡಿದಾದ ಇಳಿಜಾರಿನಲ್ಲೂ ಇವೆ. ಒಳ್ಳೆಯ ಭೂಮಿಯೆಲ್ಲ ದನಕ್ಕೂ ದೊರೆಗೂ ಹೋದಮೇಲೆ ಜನ ಹತ್ತಿದ್ದು ಅಲ್ಲಿಗೆ. ಮೇಯೋ ಕೌಂಟಿಯ ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಇಡೀ ಊರೇ ಹೀಗೆ ನಿಂತಿದೆ. ಸುಮಾರು ನೂರು ಕಲ್ಲಿನ ಮನೆಗಳು, ಒಂದಕ್ಕೂ ಮಾಡು ಇಲ್ಲ. ಒಳಗೆ ಕುರಿಗಳು ಮೇಯುತ್ತವೆ. ಪ್ರವಾಸಿ ಬಸ್ಸಿನವರು ಹತ್ತು ನಿಮಿಷ ನಿಲ್ಲಿಸಿ ಬೀಚಿಗೆ ಹೊರಡುತ್ತಾರೆ.

ಕ್ಲೇರ್ ಕೌಂಟಿಯ ಬರೆನ್ ಮಾತ್ರ ನಿಜಕ್ಕೂ ಪ್ರಕೃತಿಯ ಆಟ. ಮೈಲಿಗಟ್ಟಲೆ ಬೂದು ಸುಣ್ಣಕಲ್ಲಿನ ಹಾಸು. 1651ರಲ್ಲಿ, ಐರ್ಲೆಂಡಿನ ಮೇಲೆ ದಂಡೆತ್ತಿ ಬಂದಿದ್ದ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ದಂಡನಾಯಕ ಲಡ್ಲೋ ಇಲ್ಲಿಗೆ ಬಂದಾಗ, ಮನುಷ್ಯನನ್ನು ಮುಳುಗಿಸಲು ನೀರಿಲ್ಲ, ನೇಣು ಹಾಕಲು ಮರವಿಲ್ಲ, ಹೂಳಲು ಮಣ್ಣಿಲ್ಲ ಅಂತ ಬರೆದ. ಅವನ ಕಸುಬು ಏನಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ. ಆದರೆ ಇಲ್ಲಿನ ದನಗಳು ಚೆನ್ನಾಗಿ ಕೊಬ್ಬಿವೆ ಅಂತಲೂ ಅವನೇ ಬರೆದಿದ್ದಾನೆ. ಅದರ ಗುಟ್ಟು ಇಷ್ಟು. ಬೇರೆ ಕಡೆ ಬೇಸಿಗೆಯಲ್ಲಿ ದನವನ್ನು ಗುಡ್ಡಕ್ಕೆ ಹೊಡೆಯುತ್ತಾರೆ, ಬರೆನ್‌ನಲ್ಲಿ ಚಳಿಗಾಲದಲ್ಲಿ. ಸುಣ್ಣಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ, ನೆಲ ಒಣಗಿರುತ್ತದೆ. ಚಳಿಗಾಲದಲ್ಲಿ ದನ ಒರಟು ಹುಲ್ಲನ್ನೆಲ್ಲ ತಿಂದು ಮುಗಿಸುತ್ತದೆ. ವಸಂತ ಬಂದಾಗ ದನ ಇರುವುದಿಲ್ಲ, ಬಂಡೆಯ ಸಂದಿನಿಂದ ಹೂಗಳು ಏಳುತ್ತವೆ. ಮೇ ತಿಂಗಳಲ್ಲಿ ಕಡುನೀಲಿ ಜೆನ್ಷನ್ ಹೂ ನೋಡಲು ಜನ ದೂರದೂರದಿಂದ ಬರುತ್ತಾರೆ. ಪುಣ್ಯ ಅರ್ಧ ದನದ್ದು.

ಇದೇ ಕ್ಲೇರ್‌ನಲ್ಲಿ ಲಟೂನ್ ಎಂಬಲ್ಲಿ ಹೆದ್ದಾರಿ ಪಕ್ಕ ಒಂದು ಒಂಟಿ ಮುಳ್ಳಿನ ಗಿಡ ಇದೆ. 1999ರಲ್ಲಿ ರಸ್ತೆ ಮಾಡುವಾಗ ಅದನ್ನು ಕಡಿಯಬೇಕಾಗಿತ್ತು. ಅದು ಯಕ್ಷಿಣಿಯರ ಗಿಡ, ಕಡಿದರೆ ಆ ರಸ್ತೆಗೆ ಒಳ್ಳೆಯದಾಗುವುದಿಲ್ಲ ಅಂತ ಗಲಾಟೆ ಎದ್ದು, ಕೊನೆಗೆ ಗಿಡ ಉಳಿಸಿಕೊಂಡೇ ರಸ್ತೆ ಮಾಡಿದರು. ಹೊಲಗಳ ನಡುವೆ ವೃತ್ತಾಕಾರದ ಹಳೆಯ ಮಣ್ಣಿನ ದಿಬ್ಬಗಳಿವೆ, ದೇಶದ ತುಂಬ ಹತ್ತಾರು ಸಾವಿರ. ಅವನ್ನೂ ರೈತರು ಮುಟ್ಟುವುದಿಲ್ಲ. ನಮ್ಮ ನಾಗಬನದ ಹಾಗೆಯೇ. ನಂಬಿಕೆ ಇದೆಯಾ ಅಂತ ಕೇಳಿದರೆ ಇಲ್ಲಪ್ಪ ಅಂತ ನಗುತ್ತಾರೆ. ಆದರೂ ಟ್ರ್ಯಾಕ್ಟರು ಸುತ್ತಿ ಬಳಸಿಯೇ ಹೋಗುತ್ತದೆ.

ಗಾಲ್‌ವೇ ಕೌಂಟಿಯ ಕಾನೆಮಾರಾದ ಬ್ಯಾಲಿನಾಹಿಂಚ್ ಬಂಗಲೆಯನ್ನು 1920ರ ದಶಕದಲ್ಲಿ ಕೊಂಡವರು ನವಾನಗರದ ಜಾಮ್ ಸಾಹೇಬ್ ರಣಜಿತ್‌ಸಿಂಹಜಿ, ನಮ್ಮ ರಣಜಿ ಟ್ರೋಫಿಯ ರಣಜಿ. ಮೀನು ಹಿಡಿಯುವ ಹುಚ್ಚು ಅವರಿಗೆ. ಈಗ ಅದು ದುಬಾರಿ ಹೋಟೆಲು. ನಾವು ಗೇಟಿನಿಂದಲೇ ನೋಡಿ ಮುಂದೆ ಹೋದೆವು.

ಪಶ್ಚಿಮದ ಮೌನದಿಂದ ಕಿಲ್ಕೆನಿಗೆ ಬಂದರೆ ಒಳ್ಳೆಯ ಗದ್ದಲ. ಈ ಊರು ನನಗೆ ತುಂಬಾ ಇಷ್ಟವಾಯಿತು. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಸೇಂಟ್ ಕ್ಯಾನಿಸ್ ಚರ್ಚು. ನಡುವೆ ಕಪ್ಪು ಸುಣ್ಣಕಲ್ಲಿನ ಕಟ್ಟಡಗಳು, ಇಬ್ಬರು ಒಟ್ಟಿಗೆ ನಡೆದರೆ ಭುಜ ತಾಗುವ ಓಣಿಗಳು. ಒಂದು ಓಣಿಯಲ್ಲಿ ಹಿಂದೆ ಬೆಣ್ಣೆ ಮಾರುತ್ತಿದ್ದರು, ಇಂದಿಗೂ ಅದು ಬಟರ್ ಸ್ಲಿಪ್. ಚರ್ಚಿನ ಪಕ್ಕ 30 ಮೀಟರ್ ಎತ್ತರದ ದುಂಡು ಗೋಪುರ. ಒಳಗೆ ಏಣಿ ಹತ್ತಿ ತುದಿಗೆ ಹೋಗಬಹುದು. ಮೊಣಕಾಲು ನೋವಿರುವವರು ಬೇಡ.

1366ರಲ್ಲಿ ಇಂಗ್ಲಿಷ್ ಆಡಳಿತ ಇದೇ ಊರಿನಲ್ಲಿ ಒಂದು ಕಾನೂನು ಮಾಡಿತು. ಇಲ್ಲಿ ನೆಲೆಸಿದ ಇಂಗ್ಲಿಷರು ಐರಿಷ್ ಮಾತಾಡಬಾರದು, ಐರಿಷರನ್ನು ಮದುವೆಯಾಗಬಾರದು, ಹರ್ಲಿಂಗ್ ಆಡಬಾರದು. ಹರ್ಲಿಂಗ್ ಅಂದರೆ ಅಗಲ ಕೋಲು ಹಿಡಿದು ಗಾಳಿಯಲ್ಲೇ ಚೆಂಡು ಹೊಡೆಯುವ ಅವರ ಆಟ, ನೋಡುವವರಿಗೇ ಭಯವಾಗುತ್ತದೆ. ಈಗ ಆ ಆಟದ ರಾಷ್ಟ್ರೀಯ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದ ಕೌಂಟಿ ಯಾವುದು ಹೇಳಿ? ಕಿಲ್ಕೆನಿಯೇ. ಸಂಜೆ ಬೀದಿಯಲ್ಲಿ ಪುಟ್ಟ ಮಕ್ಕಳ ಕೈಯಲ್ಲೂ ಆ ಕೋಲು.

1324ರಲ್ಲಿ ಇಲ್ಲಿನ ಸಾಹುಕಾರ್ತಿ ಆಲಿಸ್ ಕೈಟ್ಲರ್ ಮೇಲೆ ಮಾಟಗಾತಿ ಅಂತ ಆರೋಪ ಬಂತು. ಅವಳು ತಪ್ಪಿಸಿಕೊಂಡು ಓಡಿದಳು. ಸಿಕ್ಕಿಬಿದ್ದ ಮನೆಗೆಲಸದವಳು ಪೆಟ್ರೊನಿಲ್ಲಾಳನ್ನು ಜೀವಂತ ಸುಟ್ಟರು. ಈಗ ಊರಿನ ಒಂದು ಪಬ್ಬಿಗೆ ಒಡತಿಯ ಹೆಸರಿದೆ. ಕೆಲಸದವಳ ಹೆಸರಿನಲ್ಲಿ ನಮಗೆ ಕಂಡಂತೆ ಏನೂ ಇಲ್ಲ.

ಕೋಟೆಯ ಮಾಲೀಕರಾದ ಬಟ್ಲರ್ ಮನೆತನ 1391ರಲ್ಲಿ ಅದನ್ನು ಕೊಂಡು, 1967ರಲ್ಲಿ ಬರೀ 50 ಪೌಂಡಿಗೆ ಊರಿನವರಿಗೆ ಬಿಟ್ಟುಕೊಟ್ಟಿತು. ಔದಾರ್ಯ ಅಂತ ಗೈಡ್ ಹೇಳಿದರು. ಅಷ್ಟು ದೊಡ್ಡ ಕಟ್ಟಡದ ಮಾಡು ಸೋರಲು ಶುರುವಾದರೆ ಯಾರಿಗಾದರೂ ಔದಾರ್ಯ ಬರುತ್ತದೆ ಅಂತ ತಂಗಿ ಅಂದಳು.

ಕ್ಯಾಶೆಲ್‌ನಲ್ಲಿ ಮಾಡನ್ನು ತೆಗೆದವನು ಸ್ವತಃ ಆರ್ಚ್‌ಬಿಷಪ್. ಟಿಪ್ಪರೇರಿಯ ಬಯಲಿನ ನಡುವೆ ಎದ್ದ ಸುಣ್ಣಕಲ್ಲಿನ ದಿಬ್ಬ, ಮೇಲೆ ಚರ್ಚು, ಗೋಪುರ, 1134ರಲ್ಲಿ ಮುಗಿದ ಕಾರ್ಮಾಕ್‌ನ ಪುಟ್ಟ ಗುಡಿ. ಮನ್ಸ್ಟರ್ ರಾಜರ ಗದ್ದುಗೆ ಇದ್ದದ್ದು ಇಲ್ಲಿ, ಬ್ರಯನ್ ಬೊರು ರಾಜನಾಗಿದ್ದೂ ಇಲ್ಲಿ. 1647ರಲ್ಲಿ ಅವನದೇ ವಂಶದ ಇಂಚಿಕ್ವಿನ್ ಇಂಗ್ಲಿಷ್ ಪಾರ್ಲಿಮೆಂಟಿನ ಪರವಾಗಿ ದಾಳಿ ಮಾಡಿ, ಚರ್ಚಿನೊಳಗೆ ಅಡಗಿದ್ದ ನೂರಾರು ಜನರನ್ನು ಕೊಂದ. ಆಮೇಲೆ 1749ರಲ್ಲಿ ಆರ್ಚ್‌ಬಿಷಪ್ ಪ್ರೈಸ್ ಚರ್ಚನ್ನು ಕೆಳಗಿನ ಊರಿಗೆ ಸಾಗಿಸಿ ಇದರ ಮಾಡು ಬಿಚ್ಚಿಸಿದ. ಅವನ ಸಾರೋಟು ದಿಬ್ಬ ಹತ್ತುತ್ತಿರಲಿಲ್ಲವಂತೆ, ಊರಿನವರು ಹೇಳುವ ಕಥೆ.

ಊಟದ ಬಗ್ಗೆ ಎರಡು ಮಾತು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಪ್ರತಿ ಊರಿನಲ್ಲೂ ತರಕಾರಿ ಸೂಪು, ಸೋಡಾ ಬ್ರೆಡ್ಡು, ದಪ್ಪ ಬೆಣ್ಣೆ ಸಿಗುತ್ತದೆ. ಎಲೆಕೋಸು ಬೆರೆಸಿದ ಆಲೂಗಡ್ಡೆ ಕಾಲ್ಕ್ಯಾನನ್ ಬಹಳ ರುಚಿ. ಟೀ ನಮ್ಮ ಹಾಗೆ ಗಟ್ಟಿ, ಹಾಲು ಹಾಕಿ, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವಿಲ್ಲ. ಅವರ ಟೀಪುಡಿಯಲ್ಲಿ ಅಸ್ಸಾಮಿನದ್ದೂ ಇರುತ್ತದೆ.

ಹೋಗುವವರಿದ್ದರೆ ಮೇ ಅಥವಾ ಸೆಪ್ಟೆಂಬರ್ ನೋಡಿ. ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ, ಯುರೋಪಿನ ಬಹುಪಾಲು ದೇಶಗಳಿಗೆ ಸಾಲುವ ಆ ಒಂದೇ ವೀಸಾ ಅಲ್ಲಿ ನಡೆಯುವುದಿಲ್ಲ. ಟೂರ್ ಕಂಪನಿಗಳ ಪಟ್ಟಿಯಲ್ಲಿ ಸ್ಟ್ರೋಕ್ಸ್‌ಟೌನ್ ಸಾಮಾನ್ಯವಾಗಿ ಇರುವುದಿಲ್ಲ, ಬದಲಿಗೆ ಬ್ಲಾರ್ನಿ ಕೋಟೆಯಲ್ಲಿ ತಲೆಕೆಳಗಾಗಿ ಬಗ್ಗಿ ಕಲ್ಲಿಗೆ ಮುತ್ತು ಕೊಡುವ ಕಾರ್ಯಕ್ರಮ ಇರುತ್ತದೆ. ಆ ಕಲ್ಲಿಗೆ ಮುತ್ತು ಕೊಟ್ಟರೆ ಮಾತು ಚೆನ್ನಾಗಿ ಬರುತ್ತದಂತೆ. ಮಾತು ಈಗಾಗಲೇ ಚೆನ್ನಾಗಿ ಬರುವವರು ಆ ದಿನವನ್ನು ರಾಸ್‌ಕಾಮನ್‌ಗೆ ಕೊಡಿ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಟೋಪಿ ಇರುವ ರೈನ್‌ಕೋಟ್ ತಗೊಳ್ಳಿ.